ಚಂದ್ರನ ಕೊರಲೆಗೆ ಕೀಲಿ

ಬೆರಳಿನಿಂದ ಟೈಪು ಮಾಡಿ ಯಂತ್ರಕ್ಕೆ ಆದೇಶ ಕೊಡಬಲ್ಲವರು ಈಗ ಎಷ್ಟು ಜನ ಉಳಿದಿದ್ದಾರೋ ನನಗೆ ಗೊತ್ತಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಂತೂ ನಾನೊಬ್ಬಳೇ. ಹಳೆಯ ಡಿಸ್ಕ್‌ಗಳ ಉಗ್ರಾಣದಲ್ಲಿ ನನ್ನ ಕೆಲಸ. ಮುಚ್ಚಿಹೋದ ಶಾಲೆ, ಕಾಲೇಜು, ಕಚೇರಿಗಳ ಕಂಪ್ಯೂಟರುಗಳ ಒಳಗಿದ್ದುದನ್ನೆಲ್ಲ ಇದ್ದ ಹಾಗೇ ನಕಲು ಮಾಡಿ ಇಟ್ಟಿರುವ ಜಾಗ ಅದು. ನನ್ನ ಮೇಜಿನ ಮೇಲೆ ಕಪ್ಪು ಪರದೆ, ಅದರ ಮುಂದೆ ಅಕ್ಷರ ಸವೆದುಹೋದ ಒಂದು ಕೀಲಿಮಣೆ. ನೋಡಲು ಬಂದವರು ಹಾರ್ಮೋನಿಯಂ ನೋಡಿದಂತೆ ನೋಡಿ, ಒಂದೆರಡು ಗುಂಡಿ ಒತ್ತಿ, ಖುಷಿಪಟ್ಟು ಹೋಗುತ್ತಾರೆ.

ಜನರ ಮೇಲೆ ನನಗೆ ಕೋಪವೇನಿಲ್ಲ. ಇದ್ದರೆ ಅದು ಸಖಿ ಎಂಬ ಮಾತಾಡುವ ಯಂತ್ರದ ಮೇಲೆ. ಈಗ ಎಲ್ಲರ ಮನೆಯಲ್ಲೂ, ಎಲ್ಲರ ಕಿವಿಯಲ್ಲೂ ಸಖಿಯೇ. ಯಾರ ಇ-ಮೇಲ್ ಬಂದರೂ ತಾನೇ ಓದಿಕೊಂಡು ತಾತ್ಪರ್ಯ ಹೇಳುತ್ತಾಳೆ. ನಿಮ್ಮ ಅತ್ತೆ ಕ್ಷೇಮ, ಮುಂದಿನ ವಾರ ಬರುತ್ತಾರೆ, ಸ್ವಲ್ಪ ಬೇಸರದಲ್ಲಿದ್ದಾರೆ, ಅಷ್ಟೇ. ಅತ್ತೆ ಬರೆದ ನಿಜವಾದ ಮಾತು ಏನು, ಯಾವ ಮಾತಿನಲ್ಲಿ ಬೇಸರ ಇಣುಕಿತು ಎನ್ನುವುದು ಯಾರಿಗೂ ಬೇಕಿಲ್ಲ. ಮೂಲ ಪತ್ರ ಎಲ್ಲಿದೆ ಎಂದು ಕೇಳಿದರೆ ಜನ ಆಕಾಶ ತೋರಿಸುತ್ತಾರೆ. ಪ್ರತಿಯೊಂದು ಇ-ಮೇಲ್ ಕೂಡ ಎಲ್ಲೋ ಒಂದು ಡಿಸ್ಕಿನಲ್ಲಿ ಒಂದು ಫೈಲಾಗಿ, ಒಂದು ಫೋಲ್ಡರಿನೊಳಗೆ, ತನ್ನದೇ ಹೆಸರು ಹೊತ್ತು ಕೂತಿರುತ್ತದೆ ಎಂದರೆ ನಗುತ್ತಾರೆ.

ಒಂದು ಮಧ್ಯಾಹ್ನ ಹಿರಿಯೂರಿನಿಂದ ಜಬೀನಾ ಮೇಡಂ ಫೋನ್ ಮಾಡಿದರು. ಹಿರಿಯೂರಿನ ಹೊರಗೆ, ಗಾಳಿಯಂತ್ರಗಳ ಸಾಲಿನ ಕೆಳಗೆ, ಚಂದ್ರನ ಮೇಲಿರುವ ಹಳೆಯ ಉಪಕರಣಗಳ ಸದ್ದು ಕೇಳುವ ಒಂದು ನಿಯಂತ್ರಣ ಕೊಠಡಿ ಇದೆ. ಅವರು ಅದರ ಮುಖ್ಯಸ್ಥೆ. ಹೆಚ್ಚಿನ ದಿನಗಳಲ್ಲಿ ಅಲ್ಲಿ ಕೇಳಿಸುವುದು ಏನೂ ಇಲ್ಲ. ಆದರೆ ಈ ಸಲ ಅಷ್ಟಮಿಯ ದಿನ, ಚಂದ್ರನ ಆ ಭಾಗಕ್ಕೆ ಬಿಸಿಲು ಬೀಳುತ್ತಿದ್ದಂತೆ, ಸತ್ತೇಹೋಗಿದೆ ಎಂದುಕೊಂಡಿದ್ದ ಒಂದು ಪೆಟ್ಟಿಗೆ ಮಾತಾಡಿತ್ತು. ಅದು ಹೇಳಿದ್ದು ಎರಡೇ ವಿಷಯ: ಎಚ್ಚರವಾಗಿದ್ದೇನೆ, ಕೀಲಿ ಕೊಡಿ.

ಪೆಟ್ಟಿಗೆಯ ಕತೆ ಹೀಗೆ. ಮೂವತ್ತೆಂಟು ವರ್ಷದ ಹಿಂದೆ ಚಿತ್ರದುರ್ಗದ ಒಂದು ಕಾಲೇಜಿನವರು ಸೇರಿ ಅಂಗೈಯಗಲದ ಒಂದು ಬೀಜದ ಪೆಟ್ಟಿಗೆ ಮಾಡಿ ಚಂದ್ರನಿಗೆ ಕಳಿಸಿದ್ದರು. ಒಳಗೆ ಗೂಡಿನಂಥ ಎರಡು ಅರೆ, ಎರಡರಲ್ಲೂ ನಮ್ಮ ಸೀಮೆಯ ಸಿರಿಧಾನ್ಯ ಕೊರಲೆಯ ಬೀಜ, ಒಂದಿಷ್ಟು ಮಂಜುಗಟ್ಟಿದ ನೀರು, ಒಂದು ಪುಟ್ಟ ಕ್ಯಾಮೆರಾ. ಚಂದ್ರನ ನೆಲವನ್ನು ಒಂದು ಮಾರು ಕೊರೆದರೆ ಅಲ್ಲಿ ಹಗಲಿರಲಿ ರಾತ್ರಿಯಿರಲಿ ಒಂದೇ ಸಮನೆ ತಣ್ಣಗಿರುತ್ತದೆ. ಒಣಗಿದ ಬೀಜ ಹೂತಿಡಲು ಅದಕ್ಕಿಂತ ಒಳ್ಳೆಯ ಹಗೇವಿನ ಗುಂಡಿ ಬೇಕೇ? ಹನ್ನೆರಡು ವರ್ಷ ಮಲಗಿಸಿ, ಆಮೇಲೆ ನೀರು ಬಿಟ್ಟು, ಬೀಜಕ್ಕೆ ಇನ್ನೂ ಜೀವ ಇದೆಯೇ ಎಂದು ನೋಡುವುದು ಅವರ ಯೋಚನೆ. ಆದರೆ ಹನ್ನೆರಡನೇ ವರ್ಷ ಕರೆದರೆ ಪೆಟ್ಟಿಗೆ ಓಗೊಡಲಿಲ್ಲ. ನೆಲದ ಮೇಲಿದ್ದ, ಅದಕ್ಕೆ ಕರೆಂಟು ಕೊಡುವ ಬಿಸಿಲಿನ ಹಲಗೆಯ ಮೇಲೆ ಧೂಳು ಕೂತಿತ್ತು. ಈಗ ಅದರ ಹತ್ತಿರ ಯಾರದೋ ಹೊಸ ನೌಕೆ ಇಳಿದಿದೆ, ಇಳಿಯುವಾಗ ಅದರ ಎಂಜಿನ್ ಉಗುಳಿದ ಅನಿಲದ ರಭಸಕ್ಕೆ ಧೂಳು ಹಾರಿಹೋಗಿದೆ. ಕಸ ಗುಡಿಸಲು ಯಾರನ್ನೂ ಕಳಿಸದೆ ಅಂಗಳ ಚೊಕ್ಕಟವಾಯಿತು ಎಂದು ಜಬೀನಾ ಮೇಡಂ ನಕ್ಕರು.

ಅಷ್ಟರಲ್ಲೇ ಅವರ ದನಿ ಗಂಭೀರವಾಯಿತು. ಪೆಟ್ಟಿಗೆಯ ಬ್ಯಾಟರಿ ಹಳೆಯದು, ಎರಡು ವಾರದ ಇನ್ನೊಂದು ಚಂದ್ರರಾತ್ರಿ ದಾಟುವುದಿಲ್ಲ. ಪೆಟ್ಟಿಗೆಯ ಚಳಿ ಬಿಡಲು ಒಂದೆರಡು ದಿನ, ಮೊಳಕೆಗೆ ನಾಲ್ಕೈದು ದಿನದ ಬಿಸುಪು ಬೇಕು. ಅಂದರೆ ಹುಣ್ಣಿಮೆಯೊಳಗೆ ನೀರಿನ ಬಾಗಿಲು ತೆರೆಯಬೇಕು. ತೆರೆಯಲು ಅರವತ್ತನಾಲ್ಕು ಅಕ್ಷರದ ಕೀಲಿ ಬೇಕು. ಮೂರು ಸಲ ತಪ್ಪು ಕೀಲಿ ಕೊಟ್ಟರೆ ಪೆಟ್ಟಿಗೆ ಮತ್ತೆಂದೂ ತೆರೆಯದು. ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿದೆ. ಅದೇ ಜಗಳ ಎಂದರು.

ಜಗಳ ಗಂಡ ಹೆಂಡತಿಯದು. ಬೀಜ ಆರಿಸಿ ಕೊಟ್ಟವರು ಸಿಂಚನಾ, ಪೆಟ್ಟಿಗೆ ಕಟ್ಟಿದವರು ತಿಪ್ಪೇಶ್. ಆಗ ಬರೀ ಸಹೋದ್ಯೋಗಿಗಳು, ಆಮೇಲೆ ಮದುವೆಯಾದವರು. ಉಡಾವಣೆಗೆ ಎರಡು ದಿನ ಇರುವಾಗ ಹಳೆಯ ಕೀಲಿಯನ್ನು ಬದಲಾಯಿಸಬೇಕಾಗಿ ಬಂತು. ತಿಪ್ಪೇಶ್ ಉಡಾವಣಾ ಕೇಂದ್ರದಲ್ಲಿ ಕೂತು ಹೊಸ ಕೀಲಿ ಹಾಕಿದರು, ಅದನ್ನು ಸಿಂಚನಾ ಅವರಿಗೆ ಮೇಲ್ ಮಾಡಿದರು, ನಿಯಮದ ಪ್ರಕಾರ ತಮ್ಮ ಕಂಪ್ಯೂಟರಿನಿಂದ ಅಳಿಸಿದರು. ಇದು ತಿಪ್ಪೇಶ್ ಹೇಳುವುದು. ಸಿಂಚನಾ ಹೇಳುವುದು, ಅಂಥದ್ದೊಂದು ಮೇಲ್ ತಮಗೆ ಬಂದೇ ಇಲ್ಲ. ಹನ್ನೆರಡನೇ ವರ್ಷ ಕೀಲಿ ಬೇಕಾದಾಗಲೇ ಇದು ಬೆಳಕಿಗೆ ಬಂದದ್ದು. ಪೆಟ್ಟಿಗೆಯೇ ಮಾತಾಡದ ಮೇಲೆ ಕೀಲಿಯಿಂದ ಏನಾಗಬೇಕು ಎಂದು ಉಳಿದವರು ಮರೆತರು. ಅವರಿಬ್ಬರು ಮಾತ್ರ ಮರೆಯಲಿಲ್ಲ.

ನಾನು ಮರುದಿನವೇ ಅವರ ಮನೆಗೆ ಹೋದೆ. ಹಜಾರದಲ್ಲಿ ಮಣ್ಣಿನ ಕುಡಿಕೆಗಳಲ್ಲಿ ಸಿರಿಧಾನ್ಯದ ಪೈರು, ಗೋಡೆಯ ಮೇಲೆ ಉಡಾವಣೆಯ ದೊಡ್ಡ ಫೋಟೊ. ನನ್ನ ಹೆಸರು ಕೆಂಚಮ್ಮ ಎಂದಾಗ ಸಿಂಚನಾ ಅವರಿಗೆ ನಗು ತಡೆಯಲಾಗಲಿಲ್ಲ. ಅವರ ಕಾಲದಲ್ಲಿ ಕೆಂಚಮ್ಮ ಎಂದರೆ ಅಜ್ಜಿ, ಸಿಂಚನಾ ಎಂದರೆ ಹುಡುಗಿ. ಈಗ ಅರವತ್ತಾರು ದಾಟಿದ ಸಿಂಚನಾ, ಮೂವತ್ತು ತುಂಬದ ಕೆಂಚಮ್ಮ. ಹೆಸರಿನ ಫ್ಯಾಷನ್ನು ಅಡಿಮೇಲಾದದ್ದಕ್ಕೆ ನಾನೇನು ಮಾಡಲಿ?

ಕೂತ ಐದು ನಿಮಿಷಕ್ಕೆ ಜಗಳ ನನ್ನ ಕಣ್ಣೆದುರೇ ಶುರುವಾಯಿತು. ಎಷ್ಟು ಸಲ ಆಡಿದ ಮಾತೋ, ಇಬ್ಬರಿಗೂ ಬಾಯಿಪಾಠವಾಗಿತ್ತು.

"ಕಳ್ಸಿದೀನಿ ಅಂದ್ರೆ ಕಳ್ಸಿದೀನಿ. ಗುಂಡಿ ಒತ್ತಿದ್ದು ಈ ಬೆರಳು," ಎಂದರು ತಿಪ್ಪೇಶ್.

"ಒತ್ತಿದ್ರೆ ಬರ್ಬೇಕಿತ್ತಲ್ರೀ. ಸಖಿನೂ ಬಂದಿಲ್ಲ ಅಂತ ಹೇಳ್ತು," ಎಂದರು ಸಿಂಚನಾ.

ಸಖಿಯ ಸಾಕ್ಷಿ ಅವರಿಗೆ ಹಿಂದಿನ ದಿನವಷ್ಟೇ ಸಿಕ್ಕಿತ್ತು. ಉಗ್ರಾಣದಲ್ಲಿದ್ದ ಕಾಲೇಜಿನ ಮೇಲ್ ಯಂತ್ರದ ನಕಲನ್ನು ಸಖಿಗೆ ತೋರಿಸಿ ಕೇಳಿದ್ದರಂತೆ. ಅಂಥ ಪತ್ರ ಬಂದಿಲ್ಲ ಎಂದು ಅವಳು ಕ್ಷಣಾರ್ಧದಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದಳು. ತಿಪ್ಪೇಶ್ ಅವರ ಮುಖ ಸಪ್ಪಗಾಗಿತ್ತು. ಸಿಂಚನಾ ಅವರಿಗೆ ಗೆದ್ದ ಸಂತೋಷ ಇರಬೇಕೆಂದುಕೊಂಡರೆ ಅದೂ ಇರಲಿಲ್ಲ. ಅಡುಗೆಮನೆಗೆ ನನ್ನನ್ನು ಕರೆದು, ಕೊರಲೆ ಉಪ್ಪಿಟ್ಟಿನ ತಟ್ಟೆ ಕೈಗಿಡುತ್ತ, ಮೆಲ್ಲಗೆ ಹೇಳಿದರು. "ನಾನು ಸೋತ್ರೂ ಪರ್ವಾಗಿಲ್ಲ ಕಣಮ್ಮ. ಅದು ಸಿಗ್ಬೇಕು. ಆ ಬೀಜ ಅಲ್ಲಿ ಎದ್ದು ಕೂತ್ಕೊಂಡು ನೀರು ಕೇಳ್ತಿದೆ."

ಆ ಬೀಜವನ್ನು ಅವರು ಹಿರಿಯೂರು, ಸಿರಾ ಕಡೆಯ ಹೊಲಗಳನ್ನು ಎರಡು ವರ್ಷ ಸುತ್ತಿ, ತೆನೆ ತೆನೆ ನೋಡಿ ಆರಿಸಿದ್ದು. ಅವರ ಬಾಳಿನಲ್ಲಿ ಬೇರೆ ಎಷ್ಟೋ ಕೆಲಸಗಳು ನಡೆದಿದ್ದವು, ಬಿರುದುಗಳೂ ಬಂದಿದ್ದವು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಉಳಿದದ್ದು ಇದೊಂದೇ. ಇಷ್ಟು ಕಾಲ ಚಳಿಯಲ್ಲಿ ಮಲಗಿದ ಕೊರಲೆ ಏಳುತ್ತದೋ ಇಲ್ಲವೋ? ಹುಣ್ಣಿಮೆಗೆ ಮೂರು ದಿನ ಇತ್ತು.

ಅವರ ಊಟದ ಮೇಜಿನ ಮೇಲೆಯೇ ನನ್ನ ಕಪ್ಪು ಪರದೆ ಬಿಚ್ಚಿದೆ. ಈ ಕೆಲಸ ಹೇಗೆ ನಡೆಯುತ್ತದೆ ಎಂದು ಅವರಿಗೆ ಹೇಳಿದಷ್ಟನ್ನೇ ಇಲ್ಲೂ ಹೇಳುತ್ತೇನೆ. ಹಳೆಯ ಮೇಲ್ ಯಂತ್ರಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರು. ಅದರೊಳಗೆ ಹೊಸ ಪತ್ರಗಳಿಗೆ ಒಂದು, ಓದಿ ಬಿಟ್ಟವಕ್ಕೆ ಒಂದು ಗೂಡು. ಪ್ರತಿ ಪತ್ರ ಒಂದು ಫೈಲು. ಫೈಲಿನ ಹೆಸರು ಒಂದು ಉದ್ದನೆಯ ಅಂಕಿಯಿಂದ ಶುರುವಾಗುತ್ತದೆ. ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಮೊದಲ ದಿನದಿಂದ ಎಣಿಸಿದ ಸೆಕೆಂಡುಗಳು ಅವು. ಆದ್ದರಿಂದ ಹೆಸರು ನೋಡಿಯೇ ಪತ್ರ ಯಾವತ್ತಿನದು ಎಂದು ಹೇಳಬಹುದು. ಫೈಂಡ್ ಎಂದು ಟೈಪು ಮಾಡಿ, ಎಲ್ಲಿಂದ ಹುಡುಕಬೇಕು, ಯಾವ ಹೆಸರಿನದು, ಯಾವ ದಿನದ್ದು ಎಂದು ಕೊಟ್ಟರೆ ಯಂತ್ರ ಫೋಲ್ಡರುಗಳ ಒಳಗೆಲ್ಲ ನುಗ್ಗಿ ಬಂದು ಪಟ್ಟಿ ಒಪ್ಪಿಸುತ್ತದೆ. ಗ್ರೆಪ್ ಎಂಬುದು ಇನ್ನೊಂದು ಆದೇಶ. ಅದು ಫೈಲಿನ ಹೊಟ್ಟೆಯೊಳಗೆ ಇಣುಕಿ ನಾವು ಕೇಳಿದ ಪದ ಇದೆಯೇ ಎಂದು ನೋಡುತ್ತದೆ.

ಮೊದಲು ಕೀಲಿ ಎಂಬ ಪದ ಕೊಟ್ಟು ಹುಡುಕಿದೆ. ಒಂದೂ ಸಿಗಲಿಲ್ಲ. ತಿಪ್ಪೇಶ್ ಕುರ್ಚಿಯಲ್ಲಿ ಕುಸಿದರು. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಆ ಕಾಲದ ಮೇಲ್‌ಗಳು ಕನ್ನಡವನ್ನು ಕನ್ನಡವಾಗಿ ಇಟ್ಟುಕೊಳ್ಳುತ್ತಿರಲಿಲ್ಲ. ದಾರಿಯಲ್ಲಿ ಕೆಡದಿರಲಿ ಎಂದು ಅದನ್ನು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಕಲಸುಮೇಲೋಗರವಾಗಿ ಮಾರ್ಪಡಿಸಿ ತುಂಬುತ್ತಿದ್ದವು. ಓದುವವರಿಗೆ ಮಾತ್ರ ಅದು ಮತ್ತೆ ಕನ್ನಡವಾಗಿ ಕಾಣುತ್ತಿತ್ತು. ಹಾಗಾಗಿ ಪತ್ರಗಳನ್ನೆಲ್ಲ ಮೊದಲು ಬಿಡಿಸಿ, ಆಮೇಲೆ ಹುಡುಕಬೇಕು. ಸಂಜೆಯವರೆಗೆ ಬಿಡಿಸಿದೆ. ಆಗ ಕೀಲಿ ಎಂಬ ಪದವಿದ್ದ ಪತ್ರಗಳು ರಾಶಿ ಸಿಕ್ಕವು. ಲ್ಯಾಬಿನ ಬೀರುವಿನ ಕೀಲಿ, ಸ್ಕೂಟರಿನ ಕೀಲಿ, ಹಾಸ್ಟೆಲ್ ಕೀಲಿ ಕಳೆದುಕೊಂಡ ಹುಡುಗಿಯರ ಕ್ಷಮಾಪಣೆಗಳು. ತಿಪ್ಪೇಶ್ ಬರೆದದ್ದೂ ಹಲವಿದ್ದವು. ಬೀಜದ ತೇವ ಎಷ್ಟಿರಬೇಕು ಎಂದು ಕೇಳುವ ನೆಪದಲ್ಲಿ ಊಟ ಆಯಿತೇ ಎಂದು ವಿಚಾರಿಸುವಂಥವು. ಅವನ್ನು ಓದಿ ಹೇಳುವಾಗ ಸಿಂಚನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ತಿಪ್ಪೇಶ್ ಕಿಟಕಿಯಾಚೆ ನೋಡಿದರು. ಆದರೆ ಉಡಾವಣೆಗೆ ಎರಡು ದಿನ ಮೊದಲಿನ ಶುಕ್ರವಾರದ ಪತ್ರ ಮಾತ್ರ ಇರಲಿಲ್ಲ.

ಮಾರನೆಯ ದಿನ ಶನಿವಾರ, ಬೆಳಿಗ್ಗೆ ಮತ್ತೆ ಹೋದೆ. ಈ ಸಲ ಸಿಂಚನಾ ಅವರ ಫೋಲ್ಡರು ಮಾತ್ರವಲ್ಲ, ಇಡೀ ಡಿಸ್ಕನ್ನೇ ಜಾಲಾಡಿದೆ. ಬೇರೆಯವರ ಪೆಟ್ಟಿಗೆಗೆ ತಪ್ಪಿ ಹೋಗಿರಬಹುದೇ, ಕಸದ ಬುಟ್ಟಿಯಲ್ಲಿರಬಹುದೇ ಎಂದು ನೋಡಿದೆ. ಏನೂ ಇಲ್ಲ. ಜಬೀನಾ ಮೇಡಂ ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದರು. ಸೋತೆವು ಎಂದು ಅವರಿಗೆ ತಿಳಿಸುವುದು ತಮ್ಮ ಕರ್ತವ್ಯ ಎಂದು ತಿಪ್ಪೇಶ್ ಫೋನ್ ಕೈಗೆತ್ತಿಕೊಂಡರು. ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು.

"ಈಗ ಬೇಡ್ರೀ," ಎಂದರು ಸಿಂಚನಾ ಒಳಗಿನಿಂದ. "ರಾಹುಕಾಲ ಇದೆ. ಹತ್ತೂವರೆ ಆಗ್ಲಿ."

ತಿಪ್ಪೇಶ್ ಫೋನನ್ನು ಮೇಜಿನ ಮೇಲಿಟ್ಟು, ಪೇಪರು ಬಿಡಿಸಿದರು.

ನನಗೆ ನಗು ಬಂತು. ರಾಕೆಟ್ಟಿನ ತಲೆಯ ಮೇಲೆ ಪೆಟ್ಟಿಗೆ ಕೂರಿಸಿದ ಮನುಷ್ಯ, ಕೆಟ್ಟ ಸುದ್ದಿ ಹೇಳುವುದಕ್ಕೂ ರಾಹುಕಾಲ ಕಳೆಯಲಿ ಎಂದು ಕಾಯುತ್ತಿದ್ದಾರೆ. ಇದನ್ನೆಲ್ಲ ನಂಬುತ್ತೀರಾ ಎಂದು ಕೇಳಿದೆ. ತಾವು ನಂಬುವುದಿಲ್ಲವೆಂದೂ, ಹೆಂಡತಿ ನಂಬುತ್ತಾಳೆಂದೂ, ಅವಳ ಪರಿಚಯವಾದ ಮೇಲೆ ಆ ಒಂದೂವರೆ ಗಂಟೆ ತಮ್ಮ ಪಾಲಿಗೆ ಗಡಿಯಾರದಲ್ಲೇ ಇಲ್ಲವೆಂದೂ ಹೇಳಿದರು. ಮದುವೆಯಾದ ಮೇಲೆ ತಾನೇ ಎಂದೆ. ಇಲ್ಲ, ಮೊದಲಿನಿಂದಲೂ, ಲ್ಯಾಬಿನಲ್ಲಿದ್ದಾಗಲೇ ಎಂದರು. ಬೀಜಕ್ಕೆ ಸಂಬಂಧಪಟ್ಟ ಏನೇ ಇದ್ದರೂ ರಾಹುಕಾಲದಲ್ಲಿ ಕಳಿಸಬೇಡಿ ಎಂದು ಅವಳು ಆಗಲೇ ಕಟ್ಟುನಿಟ್ಟು ಮಾಡಿದ್ದಳಂತೆ.

ನನ್ನ ಕೈ ಕೀಲಿಮಣೆಯ ಮೇಲೆ ನಿಂತಿತು. "ಸರ್, ಆ ಶುಕ್ರವಾರ ನೀವು ಮೇಲ್ ಬರ್ದಾಗ ಎಷ್ಟು ಹೊತ್ತಾಗಿತ್ತು?"

ಅವರು ಪೇಪರನ್ನು ಕೆಳಗಿಟ್ಟರು. ಹತ್ತೂವರೆಗೆ ಮೀಟಿಂಗ್ ಮುಗಿದಿತ್ತು, ಮುಗಿದ ಕೂಡಲೇ ಬರೆದೆ ಎಂದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ ಎಂದು ಒಳಗಿನಿಂದ ಸಿಂಚನಾ ಕೂಗಿದರು.  ಅದು ಕೇಳಿ ತಿಪ್ಪೇಶ್ ಅವರ ಮುಖದ ಮೇಲೆ ಮೂಡಿದ್ದನ್ನು ನಾನು ಮರೆಯುವುದಿಲ್ಲ. ಎಷ್ಟೋ ವರ್ಷದಿಂದ ಹುಡುಕುತ್ತಿದ್ದ ಕನ್ನಡಕ ತಲೆಯ ಮೇಲೇ ಇದ್ದವರ ಮುಖ ಅದು.

"ಆಮೇಲೆ ಕಳಿಸು ಅಂತ ಒಂದು ಗುಂಡಿ ಇತ್ತು," ಎಂದರು. "ಅದನ್ನ ಒತ್ತಿದ್ದೆ. ಹನ್ನೆರಡು ಗಂಟೆ ಮೇಲೆ ಹೋಗ್ಲಿ ಅಂತ."

ಸಿಂಚನಾ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

ಹನ್ನೆರಡು ಗಂಟೆಗೆ ಏನಾಯಿತು ಎಂದು, ಆ ದಿನ ಕಾಲೇಜಿನಲ್ಲಿದ್ದ ಸಿಂಚನಾ ಅವರಿಗೇ ಕ್ರಮೇಣ ನೆನಪಾಯಿತು. ಆ ಶುಕ್ರವಾರ ಕಾಲೇಜಿನಲ್ಲಿ ವಿದ್ಯುತ್ ದುರಸ್ತಿಯೆಂದು ಹತ್ತು ಗಂಟೆಗೇ ಕರೆಂಟು ತೆಗೆದಿದ್ದರು. ತಿಪ್ಪೇಶ್ ದೂರದಿಂದ ಬರೆದ ಪತ್ರವನ್ನು ಹಿಡಿದಿಟ್ಟುಕೊಂಡ ಕಾಲೇಜಿನ ಮೇಲ್ ಯಂತ್ರ ಹನ್ನೊಂದೂವರೆಯವರೆಗೆ ಬ್ಯಾಟರಿಯ ಮೇಲೆ ಓಡಿ ಮಲಗಿತು. ಆ ವಾರದ ಕೊನೆಯಲ್ಲೇ ಹೊಸ ಕಟ್ಟಡಕ್ಕೆ ಹೊಸ ಯಂತ್ರ ಬಂತು, ಜನರ ಪತ್ರಗಳನ್ನೆಲ್ಲ ಅದಕ್ಕೆ ಸಾಗಿಸಿದರು, ಹಳೆಯದನ್ನು ಮತ್ತೆ ಯಾರೂ ಹಚ್ಚಲಿಲ್ಲ. ಬಂದ ಪತ್ರಗಳು ಹೋದವು. ಹೊರಡಬೇಕೆಂದು ಕಾದು ಕೂತ ಪತ್ರ ಕೂತಲ್ಲೇ ಉಳಿಯಿತು. ಬಸ್ಸು ಹತ್ತುವ ಮೊದಲೇ ನಿಲ್ದಾಣವನ್ನೇ ಮುಚ್ಚಿಬಿಟ್ಟ ಹಾಗೆ.

ಹಾಗಾದರೆ ಆ ಹಳೆಯ ಯಂತ್ರದ ಇಡೀ ಡಿಸ್ಕು ಹುಡುಕಿದ ನನಗೆ ಅದು ಸಿಗಬೇಕಿತ್ತಲ್ಲ? ಇಲ್ಲಿ ನನ್ನ ಕಸುಬಿನವರ ಒಂದು ಚಾಳಿ ಹೇಳಬೇಕು. ಹುಡುಕುವಾಗ ನಮಗೆ ಪ್ರವೇಶವಿಲ್ಲದ ಫೋಲ್ಡರು ಎದುರಾದರೆ ಯಂತ್ರ ಅನುಮತಿ ಇಲ್ಲ ಎಂದು ಒಂದು ಸಾಲು ಗೊಣಗುತ್ತದೆ. ಇಂಥ ಗೊಣಗಾಟ ನೂರಾರು ಬಂದು ಬೇಕಾದ ಉತ್ತರವೇ ಮುಚ್ಚಿಹೋಗುತ್ತದೆ ಎಂದು, ಗೊಣಗಾಟವನ್ನೆಲ್ಲ ನೇರ ಕಸಕ್ಕೆ ಹಾಕು ಎಂಬ ಬಾಲವನ್ನು ಆದೇಶದ ಕೊನೆಗೆ ಸೇರಿಸುವುದು ನಮಗೆಲ್ಲ ರೂಢಿ. ಬೆರಳು ತಾನಾಗಿಯೇ ಅದನ್ನು ಟೈಪು ಮಾಡುತ್ತದೆ. ಈಗ ಆ ಬಾಲ ಕತ್ತರಿಸಿ ಮತ್ತೆ ಹುಡುಕಿದೆ. ಪರದೆಯ ತುಂಬ ಗೊಣಗಾಟ ಸುರಿಯಿತು. ಅದರ ನಡುವೆ ಒಂದು ಸಾಲು: ಹೊರಡುವ ಪತ್ರಗಳ ಸಾಲಿನ ಫೋಲ್ಡರು, ಅನುಮತಿ ಇಲ್ಲ. ಬೆಳಿಗ್ಗೆಯಿಂದ ಯಂತ್ರ ಅದನ್ನೇ ಹೇಳುತ್ತಿತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಎಲ್ಲ ಫೋಲ್ಡರಿಗೂ ಅನುಮತಿಯಿರುವ ಯಂತ್ರದ ಯಜಮಾನಿಯಾಗಿ ಒಳಹೊಕ್ಕೆ. ಒಳಗೆ ನಾಲ್ಕೇ ನಾಲ್ಕು ಫೈಲುಗಳು, ಹೆಸರಿನ ಜಾಗದಲ್ಲಿ ಬರೀ ಅಂಕಿ. ಮೂರು ಸುತ್ತೋಲೆಗಳು. ನಾಲ್ಕನೆಯದನ್ನು ಬಿಡಿಸಿ, ಪರದೆಯನ್ನು ಸಿಂಚನಾ ಅವರ ಕಡೆ ತಿರುಗಿಸಿದೆ. ಓದುವ ಹಕ್ಕು ಮೊದಲು ಅವರದು. ಅರವತ್ತನಾಲ್ಕು ಅಕ್ಷರದ ಕೀಲಿ ಇತ್ತು. ಅದರ ಕೆಳಗೆ ಹೀಗಿತ್ತು.

"ಸಿಂಚನಾ ಅವರೇ, ಇದು ರಾಹುಕಾಲ ಕಳೆದ ಮೇಲೆಯೇ ನಿಮ್ಮ ಕೈಸೇರುವಂತೆ ಮಾಡಿದ್ದೇನೆ. ನಾನು ಇದನ್ನೆಲ್ಲ ನಂಬುವವನಲ್ಲ. ನೀವು ನಂಬುತ್ತೀರಿ, ನನಗೆ ಅಷ್ಟು ಸಾಕು."

ಅವರು ಅದನ್ನು ಒಮ್ಮೆ ಓದಿ, ಮತ್ತೊಮ್ಮೆ ಓದಿ, ಸೌಟನ್ನು ನನ್ನ ಕೀಲಿಮಣೆಯ ಪಕ್ಕದಲ್ಲೇ ಇಟ್ಟರು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಕಳಿಸಿದ್ದೂ ನಿಜ, ಬಾರದ್ದೂ ನಿಜ. ಇಷ್ಟು ವರ್ಷ ಇಬ್ಬರೂ ಸರಿಯಾಗಿಯೇ ಜಗಳವಾಡಿದ್ದರು. ಮಾಡಿದ್ದೆಲ್ಲ ನಿನ್ನ ರಾಹು ಎಂದು ತಿಪ್ಪೇಶ್ ಹೇಳಬಹುದಿತ್ತು. ಹೇಳಲಿಲ್ಲ. ಹತ್ತೂವರೆ ಆಯಿತು, ಈಗ ಜಬೀನಾಗೆ ಫೋನ್ ಮಾಡಲೇ ಎಂದು ಕೇಳಿದರು.

ಭಾನುವಾರ ಮೂವರೂ ಹಿರಿಯೂರಿಗೆ ಹೋದೆವು. ದಾರಿಯುದ್ದಕ್ಕೂ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಸಿಂಚನಾ ಅವರ ತೊಡೆಯ ಮೇಲೆ ಒಂದು ದೊಡ್ಡ ಡಬ್ಬಿ ತುಂಬ ಕೊರಲೆ ಚಕ್ಕುಲಿ, ನಿಯಂತ್ರಣ ಕೊಠಡಿಯವರಿಗೆಂದು. ಬೀಜ ಏಳದಿದ್ದರೆ ಏನು ಮಾಡುವುದು ಎಂದು ದಾರಿಯಲ್ಲಿ ಒಮ್ಮೆ ಮಾತ್ರ ಕೇಳಿದರು. ತಿಪ್ಪೇಶ್ ಡಬ್ಬಿಯ ಮುಚ್ಚಳ ತೆಗೆದು ಅವರ ಕೈಗೇ ಒಂದು ಚಕ್ಕುಲಿ ಕೊಟ್ಟರು.

ಹುಣ್ಣಿಮೆ ಮರುದಿನ. ಈ ಭಾನುವಾರ ಚಂದ್ರ ಹುಟ್ಟುವುದು ಸಂಜೆ ಐದರ ಹತ್ತಿರ. ದೊಡ್ಡ ಆಂಟೆನಾ ಬೇರೊಬ್ಬರ ಕೆಲಸಕ್ಕೆ ಮೊದಲೇ ನಿಗದಿಯಾಗಿತ್ತು. ಜಬೀನಾ ಮೇಡಂ ಕಾಡಿ ಬೇಡಿ ಐದೂವರೆಯವರೆಗೆ ಬಿಡಿಸಿಕೊಂಡಿದ್ದರು. ಕೀಲಿಯನ್ನು ನಾನು ಟೈಪು ಮಾಡಿದೆ, ತಿಪ್ಪೇಶ್ ಒಂದೊಂದೇ ಅಕ್ಷರ ಹೋಲಿಸಿ ನೋಡಿದರು. ಕಳಿಸುವ ಗುಂಡಿಯ ಮುಂದೆ ಸಿಂಚನಾ ಅವರನ್ನು ಕೂರಿಸಿದರು. ಅವರು ಗೋಡೆಯ ಗಡಿಯಾರ ನೋಡಿದರು. ಐದು ಗಂಟೆ ಐದು ನಿಮಿಷ. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ಏನು ಎಂದು ಆ ಕೊಠಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಪಕ್ಕದವರು ಪಿಸುಗುಟ್ಟಿದರು. ಚಕ್ಕುಲಿ ಕಡಿಯುವ ಸದ್ದೂ ನಿಂತಿತು.

 ಜಬೀನಾ ಮೇಡಂ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಆರು ಗಂಟೆಯವರೆಗೆ ಕಾದರೆ ಆಂಟೆನಾ ಇಲ್ಲ. ನಾಳೆಗೆ ಬಿಟ್ಟರೆ ಮೊಳಕೆಗೆ ಬಿಸಿಲು ಸಾಲದು.

ಸಿಂಚನಾ ತಲೆಯೆತ್ತಿ ಕೇಳಿದ್ದು ಒಂದೇ ಪ್ರಶ್ನೆ. ಪೆಟ್ಟಿಗೆ ಇರುವ ಜಾಗದಲ್ಲಿ ಈಗ ಎಷ್ಟು ಹೊತ್ತಾಗಿದೆ? ಅಲ್ಲಿ ಇನ್ನೂ ಮಧ್ಯಾಹ್ನವಾಗಿಲ್ಲ ಎಂದರು ಜಬೀನಾ.

"ಭಾನುವಾರದ ರಾಹುಕಾಲ ಹಗಲಿನ ಕೊನೇ ಭಾಗ. ಬೀಜ ಇರೋದು ಅಲ್ಲಿ, ಅಲ್ಲಿನ ಹಗಲನ್ನೇ ಲೆಕ್ಕಕ್ಕೆ ಹಿಡೀಬೇಕು," ಎಂದು ಹೇಳಿ ಅವರು ಗುಂಡಿ ಒತ್ತಿದರು.

ತಿಪ್ಪೇಶ್ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದರು. ಚಂದ್ರನ ಹಗಲು ನಮ್ಮ ಎರಡು ವಾರ, ಅದರ ಎಂಟನೇ ಒಂದು ಭಾಗವೆಂದರೆ ಅಲ್ಲಿನ ರಾಹುಕಾಲ ಹೆಚ್ಚುಕಮ್ಮಿ ಎರಡು ದಿನ. ಆ ಊರಿನಲ್ಲಿ ಸಂಸಾರ ಮಾಡಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಷ್ಟು ಹೊತ್ತಿಗೆ ಪೆಟ್ಟಿಗೆಯ ಉತ್ತರ ಬಂದಿತ್ತು. ಕೀಲಿ ಸರಿ ಇದೆ. ನೀರು ಕರಗಿಸುತ್ತಿದ್ದೇನೆ. ಮೊದಲು ಒಂದನೇ ಅರೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ನಾನು ಉಗ್ರಾಣಕ್ಕೆ ರಜೆ ಹಾಕಿದೆ. ಸಿಂಚನಾ ಅವರ ಮನೆಯಲ್ಲಿ ಅದೇ ಬಗೆಯ ಕೊರಲೆಯನ್ನು ಒಂದು ಒದ್ದೆ ಬಟ್ಟೆಯಲ್ಲಿ ಹರಡಿದ್ದರು, ಜೊತೆಗಿರಲಿ ಎಂದು. ದಿನಕ್ಕೆ ಎಷ್ಟು ಸಲ ಬಟ್ಟೆ ಬಿಚ್ಚಿ ನೋಡುತ್ತಿದ್ದರೋ. ಬಟ್ಟೆಯೊಳಗಿನದು ಬುಧವಾರವೇ ಬಿಳಿ ಮೂತಿ ತೋರಿಸಿತು. ಚಂದ್ರನಿಂದ ಬಂದ ಚಿತ್ರಗಳಲ್ಲಿ ಮಾತ್ರ ಒದ್ದೆಯಾಗಿ ಹೊಳೆಯುವ ಕಾಳುಗಳು, ಅಷ್ಟೇ. ಬುಧವಾರ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲವಂತೆ. ಮೂವತ್ತೆಂಟು ವರ್ಷ ಹೆಚ್ಚೇ ಆಯಿತು, ಹನ್ನೆರಡನೇ ವರ್ಷಕ್ಕೇ ತೆಗೆದಿದ್ದರೆ ಏಳುತ್ತಿದ್ದವೇನೋ ಎಂದು ಗಂಡನಿಗೆ ಹೇಳಿದರಂತೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಜಬೀನಾ ಮೇಡಂ ಎಲ್ಲರನ್ನೂ ಕರೆಸಿದರು. ಏಕೆಂದು ಹೇಳಲಿಲ್ಲ. ನಾವು ಕೊಠಡಿ ತಲುಪಿದಾಗ ಪಶ್ಚಿಮದಲ್ಲಿ ಗಾಳಿಯಂತ್ರಗಳ ಹಿಂದೆ ಸವೆದ ಚಂದ್ರ ಇನ್ನೂ ಮುಳುಗಿರಲಿಲ್ಲ. ದೊಡ್ಡ ಪರದೆಯ ಮೇಲೆ ಚಿತ್ರ ನಿಲ್ಲಿಸಿದ್ದರು. ಇಪ್ಪತ್ತು ಕಾಳುಗಳಲ್ಲಿ ಹದಿನೇಳು ಹಾಗೇ ಬಿದ್ದಿದ್ದವು. ಮೂರು ಎದ್ದಿದ್ದವು. ಒಂದಂತೂ ತನ್ನ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡೇ, ಸ್ವಲ್ಪ ವಾಲಿ, ಹಸಿರಾಗಿ ನಿಂತಿತ್ತು. ನೆಲದ ಎಳೆತ ಅಲ್ಲಿ ಕಡಿಮೆಯಾದ್ದರಿಂದ ಬೇರಿಗೆ ಯಾವ ಕಡೆ ಹೋಗಬೇಕೆಂದು ಕೊಂಚ ಗೊಂದಲವಾಗಿತ್ತು. ಸುತ್ತು ಬಳಸಿ ಕೊನೆಗೆ ಕೆಳಗೇ ಹೊರಟಿತ್ತು.

ಸಿಂಚನಾ ಪರದೆಯ ಹತ್ತಿರ ಹೋಗಿ, ತೋರುಬೆರಳಿನಿಂದ ಆ ಮೊಳಕೆಯನ್ನು ತಲೆಯಿಂದ ಬುಡದವರೆಗೆ ಸವರಿದರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ತಿಪ್ಪೇಶ್ ಗೋಡೆಗೆ ಒರಗಿ ಅಳತೊಡಗಿದರು. ಕೊಠಡಿಯವರೆಲ್ಲ ಚಪ್ಪಾಳೆ ತಟ್ಟಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು, ಯಾರೋ ಬೆಲ್ಲ ಹಂಚಿದರು. ನನಗೆ ಅಷ್ಟು ಸಂತೋಷ ಬದುಕಿನಲ್ಲಿ ಹೆಚ್ಚು ಸಲ ಆಗಿಲ್ಲ.

ಗದ್ದಲ ಇಳಿದ ಮೇಲೆ ಜಬೀನಾ ಎರಡನೇ ಅರೆಯ ಮಾತೆತ್ತಿದರು. ಬ್ಯಾಟರಿಯಲ್ಲಿ ಇನ್ನೊಂದಕ್ಕೆ ನೀರು ಕರಗಿಸುವಷ್ಟು ಶಕ್ತಿ ಉಳಿದಿದೆ. ಪೆಟ್ಟಿಗೆ ಈಗಾಗಲೇ ಬೆಚ್ಚಗಿದೆ, ಈಗ ಬಿಟ್ಟರೆ ಚಂದ್ರನ ಸಂಜೆಯ ಬಿಸಿಲು ಮುಗಿಯುವುದರೊಳಗೆ ಇನ್ನೂ ಒಂದೆರಡು ಮೊಳಕೆ ಕಾಣಬಹುದು. ಬಿಡದಿದ್ದರೆ ರಾತ್ರಿ ಬೀಳುತ್ತದೆ, ಪೆಟ್ಟಿಗೆ ಮಲಗುತ್ತದೆ, ಆಮೇಲೆ ಯಾವ ಕಾಲಕ್ಕೋ ಯಾರಾದರೂ ಹೊಸ ಬ್ಯಾಟರಿ ಹೊತ್ತು ಅಲ್ಲಿಗೆ ಹೋಗಬೇಕು. ತೀರ್ಮಾನ ನಿಮ್ಮದು ಎಂದರು. ಎದ್ದ ಮೂರು ಮೊಳಕೆಗಳೂ ಆ ರಾತ್ರಿಯ ಚಳಿಗೆ ಉಳಿಯುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಸಿಂಚನಾ ಅವರಿಗೆ ಎಲ್ಲರಿಗಿಂತ ಚೆನ್ನಾಗಿ.

"ನನ್ನ ಪ್ರಶ್ನೆಗೆ ಉತ್ತರ ಸಿಕ್ತು," ಎಂದರು ಅವರು. "ಇನ್ನೊಂದು ಅರೆ ಮಲಗಿರ್ಲಿ. ಮುಂದೆ ಬರೋರಿಗೂ ಕೇಳೋಕೆ ಒಂದು ಪ್ರಶ್ನೆ ಬೇಕಲ್ವಾ?"

ಒಮ್ಮೆ ಬಳಸಿದ ಕೀಲಿಯನ್ನು ಹಾಗೇ ಬಿಡುವಂತಿಲ್ಲ. ತಿಪ್ಪೇಶ್ ಮುಖ ತೊಳೆದುಕೊಂಡು ಬಂದು ಎರಡನೇ ಅರೆಗೆ ಹೊಸ ಕೀಲಿ ಮಾಡಿ ಕಳಿಸಿದರು, ಪೆಟ್ಟಿಗೆ ಒಪ್ಪಿಕೊಂಡಿತು. ಇನ್ನು ಅದನ್ನು ಯಾರ ಹತ್ತಿರ ಇಡುವುದು ಎಂಬ ಮಾತು ಬಂತು. ಸಖಿಗೆ ಒಪ್ಪಿಸೋಣ ಎಂದು ಯಾರೋ ಅಂದದ್ದಕ್ಕೆ ನಾನು ಕೊಟ್ಟ ನೋಟ ಅವರಿಗೆ ಸಾಕಾಯಿತು. ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಂಡು, ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.  ಆ ಅರೆ ತೆರೆಯುವ ದಿನ ಬರುವ ಹೊತ್ತಿಗೆ ನಾನು ಹೆಸರಿಗೆ ತಕ್ಕ ಅಜ್ಜಿಯಾಗಿರುತ್ತೇನೆ.

ತಿಪ್ಪೇಶ್ ನಾನು ಜೊತೆಗೆ ತಂದಿದ್ದ ಕೀಲಿಮಣೆ ಎಳೆದುಕೊಂಡು, ಒಂದೊಂದೇ ಬೆರಳಿನಿಂದ ನಿಧಾನವಾಗಿ ಮೇಲ್ ಬರೆದರು. ಸಿಂಚನಾ ಗಂಡನ ಹೆಗಲ ಹಿಂದೆ ನಿಂತು ಓದಿದರು. ಬೆಳಿಗ್ಗೆ ಎಂಟೂಕಾಲಾಗಿತ್ತು, ರಾಹುಕಾಲ ಇನ್ನೂ ದೂರವಿತ್ತು, ತಿಪ್ಪೇಶ್ ಕಳಿಸು ಎಂಬುದನ್ನೇ ಒತ್ತಿದರು. ನನ್ನ ಕಪ್ಪು ಪರದೆಯಲ್ಲಿ, ಹೊಸ ಪತ್ರಗಳ ಗೂಡಿನಲ್ಲಿ, ಅಂಕಿಗಳ ಉದ್ದ ಹೆಸರು ಹೊತ್ತ ಒಂದು ಫೈಲು ಬಂದು ಕೂತಿತು. ನಾನು ಬಿಡಿಸಿ ಓದಿದೆ, ಇನ್ನೆರಡು ಕಡೆ ನಕಲು ಮಾಡಿಟ್ಟೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಎದುರಿಗೇ ಕೂತವರಿಗೆ ಬಾಯಲ್ಲೇ ಹೇಳಿಬಿಡಬಹುದಿತ್ತು. ಆದರೂ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು, ಬಂದಿದೆ ಎಂದು ಟೈಪು ಮಾಡಿ, ಇಬ್ಬರಿಗೂ ಕಳಿಸಿದೆ.